ಅತ್ಲಾಗಿನ ಸೀಮೆಯ ಸಕ್ಕರೆ ಪ್ರಾಣಿಗಳು

ಹೊಸಪೇಟೆಯಲ್ಲಿ ಉಜ್ಜಿನಪ್ಪನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾದ ಕೆಲಸವಿರಲಿಲ್ಲ. ದೀಪಾವಳಿ ಮುಗಿದ ಮರುದಿನದಿಂದ ಗೌರಿ ಹುಣ್ಣಿಮೆಯವರೆಗೆ ಪೇಟೆಯ ನೊಣಗಳೆಲ್ಲ ಯಾವ ಕಡೆ ಹೊರಟಿವೆಯೋ ನೋಡಿ ಅವುಗಳ ಬೆನ್ನು ಹಿಡಿದರೆ ಸಾಕು, ನೆಟ್ಟಗೆ ಅವನ ಪಡಸಾಲೆಗೆ ಮುಟ್ಟಿಸುತ್ತಿದ್ದವು. ಅಲ್ಲಿ ತಾಮ್ರದ ಕೊಪ್ಪರಿಗೆಯಲ್ಲಿ ಜಾವಾ ಸಕ್ಕರೆ ಕುದಿಯುತ್ತಿತ್ತು. ಅದರ ಮುಂದೆ ಅಂಗಿ ಕಳಚಿಟ್ಟು, ಬೆವರು ಸುರಿಸುತ್ತ, ಯಾರ ಜೊತೆಗೂ ಮಾತಿಲ್ಲದೆ ಉಜ್ಜಿನಪ್ಪ ಕೂತಿರುತ್ತಿದ್ದ. ಈಗ ಯುದ್ಧ ಬಂದು ಸಕ್ಕರೆ ರೇಶನ್ ಕಾರ್ಡಿಗೆ ಬಿದ್ದಿದೆ. ಅಳೆದು ಕೊಡುವ ಚಿಟಿಕೆಯಲ್ಲಿ ಬಂದವರಿಗೆ ಒಂದು ಲೋಟ ಚಹಾ ಕಾಸುವುದೇ ದೊಡ್ಡ ಮಾತು. ಮೂಟೆಗಟ್ಟಲೆ ಸಕ್ಕರೆಯನ್ನು ಆನೆ, ಒಂಟೆ, ಗೋಪುರ ಮಾಡಿ ಮಕ್ಕಳ ಕೈಗೆ ಕೊಡುತ್ತಿದ್ದ ಕಾಲವೊಂದಿತ್ತು ಎಂದರೆ ಇಂದಿನ ಹುಡುಗರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ, ತಿಂದ ಬಾಯಿ ನನ್ನದು.

ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆ ಗೊಂಬೆಗಳನ್ನಿಟ್ಟು, ನಡುವೆ ದೀಪ ಹಚ್ಚಿ, ಗೌರಿಗೆ ಬೆಳಗಿ, ಆಮೇಲೆ ಆ ಗೊಂಬೆಗಳನ್ನೇ ಮುರಿದು ತಿನ್ನುವುದು ನಮ್ಮ ಕಡೆಯ ಪದ್ಧತಿ. ಮದುವೆ ಗೊತ್ತಾದ ಹುಡುಗಿಗಾದರೆ ಆ ತಟ್ಟೆ ಬೀಗರ ಮನೆಯಿಂದಲೇ ಬರಬೇಕು. ನೋಡುವವರಿಗೆ ಸಕ್ಕರೆ ಎರೆಯುವುದು ಆಟ, ಮಾಡುವವನಿಗೆ ಅದೊಂದು ಶಿಕ್ಷೆ. ತೇಗದ ಅಚ್ಚಿಗೆ ಎರಡು ಹೋಳು. ಪ್ರಾಣಿಯ ಎಡಮೈ ಒಂದರಲ್ಲಿ, ಬಲಮೈ ಇನ್ನೊಂದರಲ್ಲಿ. ನೀರಲ್ಲಿ ನೆನೆಸಿಟ್ಟ ಹೋಳುಗಳನ್ನು ಜೋಡಿಸಿ, ದಾರದಿಂದ ಬಿಗಿದು, ಪಾಕ ಎರೆಯಬೇಕು. ಪಾಕ ಎಳೆಯದಾದರೆ ಗೊಂಬೆ ನಿಲ್ಲುವುದಿಲ್ಲ. ಮುದಿಯಾದರೆ ಕೊಪ್ಪರಿಗೆಯಲ್ಲೇ ಕಲ್ಲಾಗುತ್ತದೆ. ಹೀಗಾಗಿ ಎರೆಯುವವನಿಗೆ ಮಾತಾಡಲು ಪುರಸೊತ್ತಿರುವುದಿಲ್ಲ. ಉಜ್ಜಿನಪ್ಪನಿಗೆ ಪುರಸೊತ್ತಿದ್ದಾಗಲೂ ಮಾತಿರುತ್ತಿರಲಿಲ್ಲ, ಅದು ಬೇರೆ.

ಪ್ಲೇಗಿನ ವರ್ಷ ಅವನ ಹೆಂಡತಿ ತೀರಿಕೊಂಡಳು. ಮಗಳು ಸುವರ್ಣಮ್ಮನಿಗೆ, ಮನೆಯವರ ಸುವ್ವಿಗೆ, ಆಗ ನಾಲ್ಕು ವರ್ಷ. ಮನೆ ನೋಡಿಕೊಳ್ಳಲು ಅವನ ವಿಧವೆ ಅಕ್ಕ ಜಂಬಮ್ಮ ಪಾಪಿನಾಯಕನಹಳ್ಳಿಯಿಂದ ಬಂದು ನಿಂತಳು. ಅವಳು ಬಂದ ಮೇಲೆ ಒಲೆ ಹೊತ್ತಿತು, ಅಂಗಳಕ್ಕೆ ಸಗಣಿ ನೀರು ಬಿತ್ತು, ಆದರೆ ಕೂಸಿನ ಹೊಟ್ಟೆಗೆ ಅನ್ನ ಇಳಿಯಲಿಲ್ಲ. ಆ ಹುಣ್ಣಿಮೆಯ ಹೊತ್ತಿಗೆ ಸುವ್ವಿ ಕಡ್ಡಿಯಾಗಿದ್ದಳು. ಒಡೆದ ಗೊಂಬೆಗಳು ಮನೆಯ ಮಕ್ಕಳಿಗೆ ಎಂಬುದು ಕಸುಬಿನವರ ರೂಢಿ. ಉಜ್ಜಿನಪ್ಪ ರೆಕ್ಕೆ ಮುರಿದ ಗಿಳಿಯೊಂದನ್ನು ಮಗಳ ಕೈಗೆ ಕೊಟ್ಟರೆ ಅವಳು ಅದನ್ನು ನೋಡಿ ಅತ್ತಳು.

"ತಿಂದ್ರ ಗಿಳಿ ಸಾಯ್ತದ. ಅವ್ವ ಸತ್ತಂಗ."

ಅಕ್ಕಪಕ್ಕದವರು ಕೇಳಿ ನಕ್ಕರು. ಉಜ್ಜಿನಪ್ಪ ಮಾತ್ರ ಕೊಪ್ಪರಿಗೆಯತ್ತ ತಿರುಗಿ ಕೂತ.

ಜಂಬಮ್ಮನಿಗೆ ಈ ಕಸುಬು ಹೊಸದು. ನೆನೆಹಾಕಿದ ಅಚ್ಚುಗಳನ್ನು ತೆಗೆದು ಜೋಡಿಸಿಡು ಎಂದರೆ, ಉದ್ದಗಲ ಸರಿಯಾಗಿ ಕೂತರೆ ಸಾಕೆಂದು ಆನೆಯ ಎಡಹೋಳಿಗೆ ಗಿಳಿಯ ಬಲಹೋಳು ಕಟ್ಟಿಟ್ಟಿದ್ದಳು. ಅವಸರದಲ್ಲಿ ಅವನೂ ನೋಡದೆ ಎರೆದ. ದಾರ ಬಿಚ್ಚಿದರೆ ಒಳಗಿಂದ ಹೊರಬಿದ್ದದ್ದು, ಈ ಕಡೆಯಿಂದ ಕಂಡರೆ ಆನೆ, ಆ ಕಡೆಯಿಂದ ಕಂಡರೆ ಗಿಳಿ, ಎದುರಿನಿಂದ ಕಂಡರೆ ಸೊಂಡಿಲಿನ ಬುಡದಲ್ಲಿ ಕೊಕ್ಕು ಹೊತ್ತ ಒಂದು ವಿಚಿತ್ರ ಜೀವ. ಅದನ್ನು ಮತ್ತೆ ಕರಗಿಸಲು ಕೊಪ್ಪರಿಗೆಗೆ ಎತ್ತಿದವನ ಮೊಳಕೈಯನ್ನು ಸುವ್ವಿ ಹಿಡಿದಳು.

"ಅಪ್ಪಾ, ಇದು ಯಾವ ಪ್ರಾಣಿ?"

ತಪ್ಪು ಅಚ್ಚು ಎಂದು ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಉಜ್ಜಿನಪ್ಪ ಅದನ್ನು ತಿರುಗಿಸಿ ನೋಡಿ, "ಗಿಳ್ಯಾನಿ" ಅಂದ.

"ಎಲ್ಲಿರ್ತದ?"

"ಜಂಬುನಾಥನ ಗುಡ್ಡದ ಅತ್ಲಾಗ. ಅತ್ಲಾಗಿನ ಸೀಮ್ಯಾಗ."

"ತಿಂದ್ರ ಸಾಯ್ತದೇನು?"

"ಇಲ್ಲವ್ವ. ಆ ಸೀಮ್ಯಾಗ ಯಾವುದೂ ಸಾಯಂಗಿಲ್ಲ. ಇಲ್ಲಿ ನೀ ಕಿವಿ ತಿಂದ್ರ ಅಲ್ಲಿ ಅದಕ್ಕ ಹೊಸ ಕಿವಿ ಬರ್ತದ."

ಕೂಸು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಆಮೇಲೆ ಗಿಳ್ಯಾನಿಯ ಕಿವಿಯನ್ನು ಕಟಕ್ಕನೆ ಕಡಿಯಿತು. ಹೊಗೆ ಬಂತೆಂಬ ನೆಪ ಮಾಡಿ ಉಜ್ಜಿನಪ್ಪ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡ. ಅಂದು ರಾತ್ರಿ ಸುವ್ವಿ ಅನ್ನವನ್ನೂ ಉಂಡಳು.

ಅಲ್ಲಿಂದಾಚೆಗೆ ವರ್ಷಕ್ಕೊಂದು ಹೊಸ ಪ್ರಾಣಿ. ಸಂಡೂರಿನ ಕಾಡಿನಿಂದ ಬರುವ ತೇಗದ ತುಂಡು ಹಿಡಿದು ಮಳೆಗಾಲವೆಲ್ಲ ಉಳಿಯಿಂದ ಕೊರೆಯುತ್ತಿದ್ದ. ಕಲ್ಲುಂಗ ಹುಟ್ಟಿತು. ಅದು ಗುಡ್ಡ ತಿನ್ನುವ ಪ್ರಾಣಿ. ಹಲ್ಲಿಲ್ಲದ್ದರಿಂದ ಅರ್ಧ ಅಗಿದು ಉಗುಳುತ್ತದೆ. ಹಂಪಿಯ ಸುತ್ತ ಬಿದ್ದ ಬಂಡೆಗಳೆಲ್ಲ ಅದು ಬಿಟ್ಟ ಎಂಜಲು. ಆಕಳಿಕಿರಾಯ ಹುಟ್ಟಿದ. ಹನ್ನೊಂದು ತಿಂಗಳು ಮಲಗಿ ವೈಶಾಖದಲ್ಲಿ ಒಮ್ಮೆ ಬಾಯಿ ತೆರೆಯುತ್ತಾನೆ, ಹೊಸಪೇಟೆಯ ಧಗೆಯೆಂದರೆ ಅವನ ಆಕಳಿಕೆ. ಬಾಲಗಳ್ಳ ಕಂಡಕಂಡವರ ಬಾಲ ಕದ್ದು ಏಳು ಬಾಲ ಮಾಡಿಕೊಂಡಿದೆ. ಈಗ ಪಾಪ, ಕೂರಲು ಬಾರದೆ ನಿಂತೇ ನಿದ್ದೆ ಮಾಡುತ್ತದೆ. ಮೂರು ಮಾತಿಗೆ ಒಂದು "ಹೂಂ" ಎನ್ನುತ್ತಿದ್ದ ಮನುಷ್ಯ, ಅತ್ಲಾಗಿನ ಸೀಮೆಯ ವಿಷಯ ಬಂದರೆ ಊಟ ತಣ್ಣಗಾಗುವವರೆಗೆ ಹೇಳುತ್ತಿದ್ದ. ಒಮ್ಮೆ ಮಗಳನ್ನು ಹಂಪಿ ಬಜಾರಿಗೆ ಕರೆದುಕೊಂಡು ಹೋಗಿ ಕಂಬದ ಮೇಲಿನ ಸಿಂಹಮುಖದ ಕಲ್ಲುಪ್ರಾಣಿಗಳನ್ನು ತೋರಿಸಿದ. ಸುವ್ವಿ ಸೊಂಟಕ್ಕೆ ಕೈಯಿಟ್ಟು ನೋಡಿ, "ಇವು ಚಲೋ ಅದಾವ ಅಪ್ಪಾ, ಆದ್ರ ಇವಕ್ಕ ಆಟ ಬರಂಗಿಲ್ಲ" ಎಂದಳು. ಅಪ್ಪನಿಗೆ ಒಳಗೊಳಗೇ ಹಿಗ್ಗು.

ಪೇಟೆಯ ಮಕ್ಕಳೆಲ್ಲ ಬಾಲಗಳ್ಳನೇ ಬೇಕೆಂದು ಹಟ ಹಿಡಿಯತೊಡಗಿದಾಗ ದೊಡ್ಡವರು ಮುಖ ಸಿಂಡರಿಸಿದರು. ಗೌರಮ್ಮನ ತಟ್ಟೆಯಲ್ಲಿ ಭೂತಪ್ರೇತಗಳೇ ಎಂದರು. ಅವುಗಳನ್ನು ಉಜ್ಜಿನಪ್ಪ ಮಾರುತ್ತಿರಲಿಲ್ಲ ಅನ್ನಿ. ಮಗಳಿಗೊಂದು, ಅವಳ ಗೆಳತಿಯರಿಗೊಂದಿಷ್ಟು, ಜಗುಲಿಯಲ್ಲಿ ಬಾಯಿ ಬಿಟ್ಟುಕೊಂಡು ಕೂತ ನಮ್ಮಂಥವರಿಗೆ ಚೂರುಪಾರು, ಅಷ್ಟೇ. ಸಕ್ಕರೆಯ ರುಚಿ ಆಮೇಲೆಯೂ ಬೇಕಾದಷ್ಟು ಕಂಡಿದ್ದೇನೆ, ಆಕಳಿಕಿರಾಯನ ಮೂಗಿನ ರುಚಿ ಮಾತ್ರ ಇನ್ನೆಲ್ಲೂ ಸಿಗಲಿಲ್ಲ.

ಸುವರ್ಣಮ್ಮನಿಗೆ ಹದಿನಾಲ್ಕಾದಾಗ ಕಂಪ್ಲಿಯಿಂದ ಕನ್ಯೆ ನೋಡಲು ಬಂದರು. ಕಬ್ಬಿನ ಗದ್ದೆ, ಸ್ವಂತ ಗಾಣ ಇದ್ದ ಒಳ್ಳೆಯ ಮನೆತನ. ಹುಡುಗನ ಹೆಸರು ಹಾಲಸ್ವಾಮಿ. ಅವನ ಅಜ್ಜಿ ಉಚ್ಚೆಂಗಮ್ಮನ ಮಾತೇ ಆ ಮನೆಯಲ್ಲಿ ಕಾಯಿದೆ. ಅಜ್ಜಿ ಹುಡುಗಿಯ ನಡಿಗೆ ನೋಡಿದಳು, ಕೂದಲು ನೋಡಿದಳು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದಳು. ಹುಡುಗ ತಲೆ ತಗ್ಗಿಸಿ ಕೂತಿದ್ದವನು ಗೋಡೆಯ ಗೂಡಿನಲ್ಲಿದ್ದ ಸಕ್ಕರೆ ಪ್ರಾಣಿಯತ್ತ ಕಣ್ಣು ಹಾಯಿಸಿ, "ಅದೇನ್ರಿ ಅದು?" ಎಂದ. ಕೇಳಿದ್ದು ಉಜ್ಜಿನಪ್ಪನನ್ನು. ಉತ್ತರ ಬಂದದ್ದು ಸುವರ್ಣಮ್ಮನಿಂದ.

"ಕಲ್ಲುಂಗ. ಗುಡ್ಡ ತಿಂತದ. ನಿಮ್ಮೂರ ದಾರ್ಯಾಗ ಬಂಡೆಗಲ್ಲು ಬಿದ್ದಾವಲ್ರಿ, ಅವೆಲ್ಲ ಅದರ ಎಂಜಲ."

ಹುಡುಗ ಗೊಳ್ಳನೆ ನಕ್ಕ. ಉಚ್ಚೆಂಗಮ್ಮ ನಗಲಿಲ್ಲ. ಜಂಬಮ್ಮ ಮಗಳಂತೆ ಸಾಕಿದವಳ ತೊಡೆಗೆ ಮರೆಯಲ್ಲೇ ಚಿವುಟಿದಳು.

ವಾರದ ಮೇಲೆ ಒಪ್ಪಿಗೆ ಬಂತು, ಜೊತೆಗೆ ಅಜ್ಜಿಯ ಒಂದು ಕಟ್ಟಳೆಯೂ ಬಂತು. ಸುತ್ತಮುತ್ತ ಸಕ್ಕರೆ ಎರೆಯುವವನು ಉಜ್ಜಿನಪ್ಪನೊಬ್ಬನೇ ಆದ್ದರಿಂದ, ಹುಣ್ಣಿಮೆಗೆ ತಾವು ಹುಡುಗಿಗೆ ತರಬೇಕಾದ ಗೊಂಬೆಗಳನ್ನು ಅವನೇ ಎರೆದು ಕಂಪ್ಲಿಗೆ ಕಳಿಸಬೇಕು. ಆದರೆ ಅದರಲ್ಲಿ ಆ ಅವಲಕ್ಷಣದ ಪ್ರಾಣಿಗಳು ಒಂದೂ ಇರಕೂಡದು. ಇದ್ದರೆ ತಟ್ಟೆಯೂ ಬರುವುದಿಲ್ಲ, ಸಂಬಂಧವೂ ಇಲ್ಲ.

"ಲೇ ಉಜ್ಜ್ಯಾ, ಲಿಂಗದ ಮ್ಯಾಲ ಕೈಯಿಟ್ಟು ಹೇಳು, ಒಂದೂ ಎರಿಯಂಗಿಲ್ಲ ಅಂತ" ಎಂದಳು ಜಂಬಮ್ಮ.

"ಎರಿಯದು ಎರೀತೀನಕ್ಕ, ತಟ್ಯಾಗ ಹಾಕಂಗಿಲ್ಲ" ಎಂದು ಅವನು ಕೊರಳ ಲಿಂಗ ಮುಟ್ಟಿದ.

ಏಕೆಂದರೆ ಆ ವರ್ಷದ ಅಚ್ಚು ಆಗಲೇ ಸಿದ್ಧವಾಗಿತ್ತು. ಹತ್ತು ವರ್ಷದಲ್ಲಿ ಕೊರೆದದ್ದರಲ್ಲೆಲ್ಲ ದೊಡ್ಡದು. ಅದರ ಹೆಸರು ಹಿಂದ್ನೋಡಿ. ಕಾಲುಗಳು ಮುಂದಕ್ಕೆ ನಡೆಯುತ್ತವೆ, ಕುತ್ತಿಗೆ ಮಾತ್ರ ಹುಟ್ಟಿನಿಂದಲೇ ಹಿಂದಕ್ಕೆ ತಿರುಗಿದೆ. ಮದುವೆಯಾಗಿ ಹೋಗುವ ಮಗಳಿಗೆ ಬಾಯಿಬಿಟ್ಟು ಹೇಳಲಾರದ್ದನ್ನು ಮರದಲ್ಲಿ ಕೊರೆದು ಕೂತಿದ್ದ ಪುಣ್ಯಾತ್ಮ. ಮುಂದಿನ ವರ್ಷ ಅವಳು ಬೇರೆ ಮನೆಯವಳು. ಆ ಮನೆಯಲ್ಲಿ ಅಜ್ಜಿ ಇದ್ದಾಳೆ, ಗಾಣವಿದೆ, ಗದ್ದೆಯಿದೆ. ಅತ್ಲಾಗಿನ ಸೀಮೆ ಎಲ್ಲಿದೆಯೆಂದು ಗೊತ್ತಿರುವವರು ಒಬ್ಬರೂ ಇಲ್ಲ. ಅವನಿಗೆ ಇದ್ದ ಹೆದರಿಕೆ ಇದೊಂದೇ. ಉಣ್ಣುವುದಕ್ಕೆ, ಉಡುವುದಕ್ಕೆ ಏನೂ ಕೊರತೆಯಾಗಲಾರದು, ಆದರೆ ಆ ಸೀಮೆಯ ಮಾತನ್ನು ಇವಳು ಯಾರ ಜೊತೆ ಆಡಬೇಕು?

ಆನೆ, ಒಂಟೆ, ಗಿಳಿ, ನವಿಲು, ಗೋಪುರ, ತುಳಸಿಕಟ್ಟೆ, ಒಟ್ಟು ಇಪ್ಪತ್ತೊಂದು ಗೊಂಬೆ ಎರೆದ. ಪೇಟೆಯ ಎಲ್ಲ ಹುಡುಗಿಯರಿಗೂ ಎರೆಯುವಂಥವೇ. ಕೊನೆಗೆ ಉಳಿದ ಪಾಕದಲ್ಲಿ ಹಿಂದ್ನೋಡಿ ಎರೆದ. ದಾರ ಬಿಚ್ಚಿದಾಗ ಒಂದು ಗೀರಿಲ್ಲದೆ ಹಾಲಿನಂತೆ ಬೆಳ್ಳಗೆ ಬಂತು. ಅದನ್ನು ಬುಟ್ಟಿಯಲ್ಲಿ ಗಿಳಿಗಳ ಕೆಳಗಿಟ್ಟ. ತೆಗೆದ. ಮತ್ತೆ ಇಟ್ಟ. ಕೊರಳ ಲಿಂಗ ಕೈಗೆ ತಗಲಿದಾಗ ಮತ್ತೆ ತೆಗೆದ. ಮಗಳ ಕೈಗೆ ನೇರವಾಗಿ ಕೊಡೋಣವೆಂದರೆ, ಅವಳ ಕಣ್ಣಲ್ಲಿ ನೀರು ಬಂದರೆ ತನ್ನ ಗತಿಯೇನು? ಕಂಪ್ಲಿಯ ಬಂಡಿ ಬುಟ್ಟಿ ಹೊತ್ತು ಹೊರಟ ಮೇಲೆ ಹಿತ್ತಲಲ್ಲಿ ಕೂತು ಅರ್ಧ ಸೇರು ತೂಕದ ಪ್ರಾಣಿಯನ್ನು ಒಬ್ಬನೇ ತಿಂದು ಮುಗಿಸಿದ. ಗಂಟಲು ಕೆಟ್ಟು ಎರಡು ದಿನ ದನಿ ಹೊರಡಲಿಲ್ಲ. ಏನಾಯಿತೋ ಎಂದು ಜಂಬಮ್ಮ ಮೆಣಸಿನ ಕಷಾಯ ಕುಡಿಸಿದಳು. ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು, ಕಷಾಯ ಮಾತ್ರ ಕುಡಿದ.

ಹುಣ್ಣಿಮೆಯ ದಿನ ಮಧ್ಯಾಹ್ನ ಕಂಪ್ಲಿಯ ಬಂಡಿ ಬಾಗಿಲಿಗೆ ಬಂತು. ಉಚ್ಚೆಂಗಮ್ಮ, ಅವಳ ಸೊಸೆ, ಇನ್ನಿಬ್ಬರು ಮುತ್ತೈದೆಯರು ಇಳಿದರು. ಸೀರೆ, ಕುಬಸ, ಹೂವಿನ ದಂಡೆ, ಜೊತೆಗೆ ಕೆಂಪು ವಸ್ತ್ರ ಮುಚ್ಚಿದ ತಟ್ಟೆ.

"ಬರ್ರಿ, ಕುಂದ್ರಿ" ಎಂದು ಜಂಬಮ್ಮ ಚಾಪೆ ಹಾಸಿದಳು. ಸುವರ್ಣಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಉಜ್ಜಿನಪ್ಪ ಕಂಬಕ್ಕೆ ಒರಗಿ ನಿಂತ. ತಟ್ಟೆಯಲ್ಲಿ ಏನೇನಿದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಉಚ್ಚೆಂಗಮ್ಮ ವಸ್ತ್ರ ಸರಿಸಿದಳು. ಇಪ್ಪತ್ತೊಂದು ಬಿಳಿ ಗೊಂಬೆಗಳ ನಟ್ಟನಡುವೆ ಕಪ್ಪಗಿನದೊಂದು ಕೂತಿತ್ತು. ಐದು ಕಾಲು, ಒಂದಕ್ಕೊಂದು ಸಮವಿಲ್ಲ. ಹೊಟ್ಟೆ ಗಡಿಗೆಯಷ್ಟು. ಬೆನ್ನ ಮೇಲೆ ಕಬ್ಬಿನ ಗರಿಯಂಥ ಏನೋ ಚುಚ್ಚಿತ್ತು. ಜಂಬಮ್ಮ ತಮ್ಮನನ್ನು ನೋಡಿದ ನೋಟಕ್ಕೆ ಇನ್ನೊಬ್ಬನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದ.

"ನನ್ನದಲ್ಲಕ್ಕ" ಎಂದ ಉಜ್ಜಿನಪ್ಪ ಒಡಕು ದನಿಯಲ್ಲಿ. "ಲಿಂಗದಾಣಿ ನನ್ನದಲ್ಲ. ಅದು ಬೆಲ್ಲದ್ದು ಐತಿ."

"ನಿಮ್ಮದಲ್ರಿ ಬೀಗರ, ನಮ್ಮದ" ಎಂದಳು ಉಚ್ಚೆಂಗಮ್ಮ. ಕಾಯಿದೆಯಂಥ ಆ ಮುದುಕಿಯ ಮುಖದಲ್ಲಿ ಅಂದು ನಾಚಿಕೆ ಇತ್ತು. "ನಮ್ಮ ಹಾಲಸ್ವಾಮಿ ಮೂರು ದಿನ ಗಾಣದ ಮನ್ಯಾಗ ಕುಂತು ಬಿಸಿ ಬೆಲ್ಲ ತಿದ್ದಿ ತಿದ್ದಿ ಮಾಡ್ಯಾನ. ಅಂಗೈ ತುಂಬ ಬೊಬ್ಬಿ. ಬ್ಯಾಡೋ ಅಂದೆ. ಇದನ್ನ ಒಯ್ಯದಿದ್ರ ತಟ್ಟಿನೂ ಬ್ಯಾಡ, ಮದಿವಿನೂ ಬ್ಯಾಡ ಅಂದ. ನನ್ನ ಮಾತು ಮೊದಲನೇ ಸಲ ಮೀರ್ಯಾನ ನೋಡ್ರಿ. ಏನು ಮಾಡ್ಲಿ?"

ಉಜ್ಜಿನಪ್ಪ ತಟ್ಟೆಯ ಬಳಿ ಬಂದು ಕುಕ್ಕುರುಗಾಲಲ್ಲಿ ಕೂತ. ಕಸುಬಿನವನ ಕಣ್ಣಿಗೆ ಅದು ಭಾಳ ಕೆಟ್ಟ ಕೆಲಸ. ಕುತ್ತಿಗೆ ಒಮ್ಮೆ ಮುರಿದು ಮತ್ತೆ ಅಂಟಿಸಿದ್ದು ಕಾಣುತ್ತಿತ್ತು. ಒಂದು ಕಣ್ಣು ಜೋಳದ ಕಾಳು, ಇನ್ನೊಂದು ಕಡಲೆ. ಬೆಲ್ಲದ ಮೇಲೆಲ್ಲ ಬೆರಳಿನ ಗುರುತು. ಅವನಿಗೆ ತಡೆಯಲಾರದಷ್ಟು ಸಂತೋಷವಾಯಿತು. ಅದರ ಜೊತೆಗೇ ಕೈಯಲ್ಲಿದ್ದದ್ದನ್ನು ಯಾರೋ ಮೆಲ್ಲಗೆ ಬಿಡಿಸಿಕೊಂಡಂತೆ ಸಂಕಟವೂ ಆಯಿತು. ಎರಡನ್ನೂ ಒಟ್ಟಿಗೆ ತಡೆದುಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲ.

ಸುವರ್ಣಮ್ಮ ಬಗ್ಗಿ ನೋಡುತ್ತಿದ್ದಳು. ತುಟಿಯಲ್ಲಿ ನಗು ನಿಲ್ಲುತ್ತಿರಲಿಲ್ಲ.

"ಅಪ್ಪಾ, ಇದರ ಹೆಸರೇನು?"

ಹತ್ತು ವರ್ಷದಿಂದ ಕೇಳಿದವಳು, ಹತ್ತು ವರ್ಷದಿಂದ ಹೇಳಿದವನು. ಹೆಸರು ಆಗಲೇ ಉಜ್ಜಿನಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅದು ಏನು ತಿನ್ನುತ್ತದೆ, ಐದನೆಯ ಕಾಲು ಯಾಕೆ ಬಂತು, ಗುಡ್ಡದ ಯಾವ ಮಗ್ಗುಲಲ್ಲಿ ಮಲಗುತ್ತದೆ, ಎಲ್ಲ ಹೊಳೆದಿತ್ತು. ಒಂದು ಮಾತು ಅಂದರೆ ಸಾಕಿತ್ತು. ಅವನು ಕಷ್ಟಪಟ್ಟು ನುಂಗಿಕೊಂಡ.

"ನನಗ ಗೊತ್ತಿಲ್ಲವ್ವ" ಎಂದ. "ಮಾಡಿದವ್ರನ್ನ ಕೇಳು."

ಸುವರ್ಣಮ್ಮ ಅಪ್ಪನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಹೂಂ ಅಪ್ಪಾ, ಕೇಳ್ತೀನಿ" ಎಂದಳು.