ಐದನೆಯ ತಂತಿಯ ಆಸೆ

ಕೊಸರಿಲ್ಲದೆ ಏನು ಕೊಂಡರೂ ನನಗೆ ಮೋಸ ಹೋದಂತೆಯೇ ಅನಿಸುತ್ತದೆ. ಬದನೆಕಾಯಿ ತೂಗಿದ ಮೇಲೆ ಇನ್ನೊಂದು ಕಾಯಿ ಚೀಲಕ್ಕೆ ಬೀಳಬೇಕು, ಕೊತ್ತಂಬರಿಯ ಜೊತೆಗೆ ನಾಲ್ಕು ಎಸಳು ಕರಿಬೇವು ಬರಬೇಕು. ರೋಣದಲ್ಲಿ ನನ್ನದೇ ಒಂದು ಸೀರೆ ಅಂಗಡಿ ಇದೆ. ಗಿರಾಕಿಗಳು ಅಲ್ಲಿ ಕೊಸರು ಕೇಳಿದಾಗ ಮಾತ್ರ ನಾನು ಫೋನಿನಲ್ಲಿ ಮಾತಾಡುವವನಂತೆ ನಟಿಸುತ್ತೇನೆ. ಇಂಥ ಗುಣವಂತನನ್ನು ಗೆಳೆಯ ರಾಜೇಸಾಬ ಬೇಸ್ ಗಿಟಾರ್ ಕೊಳ್ಳಲು ಗಜೇಂದ್ರಗಡಕ್ಕೆ ಜೊತೆಯಾಗಿ ಕರೆದೊಯ್ದ.

ಬೇಸ್ ಗಿಟಾರ್ ಅಂದರೆ ದಪ್ಪ ತಂತಿ, ಉದ್ದ ಕತ್ತು, ಗುಂಯ್ ಎನ್ನುವ ತಗ್ಗಿನ ದನಿ. ಮದುವೆಯ ಆರ್ಕೆಸ್ಟ್ರಾದಲ್ಲಿ ಹಾಡುವವರಿಗೆ ಚಪ್ಪಾಳೆ ಬೀಳುತ್ತದೆ, ಢೋಲಕ್‌ನವನಿಗೆ ನೋಟು ಬೀಳುತ್ತದೆ, ಬೇಸ್‌ನವನಿಗೆ ಹೆಚ್ಚೆಂದರೆ ಊಟ. ಅವನಿಲ್ಲದಿದ್ದರೆ ಮಾತ್ರ ಹಾಡು ಯಾಕೋ ಸಪ್ಪೆ. ನಮ್ಮ ತಂಬೂರಿಯೂ ಇದೇ ಕುಲದ್ದು. ತನ್ನ ಪಾಡಿಗೆ ತಾನು ಒಂದೇ ಮಾತು ಆಡುತ್ತ, ಇನ್ನೊಬ್ಬರ ಸಂಗೀತವನ್ನು ಬೀಳದಂತೆ ಹಿಡಿದಿರುತ್ತದೆ. ಇಂಥ ವಾದ್ಯಗಳ ಮೇಲೆ ನನಗೆ ಗೌರವ. ನಾನು ನುಡಿಸುವುದು ಬರೀ ತಾಳ, ಅದನ್ನೂ ಜೋರಾಗಿ ಕುಟ್ಟುತ್ತೇನೆ.

ರಾಜೇಸಾಬ ನಮ್ಮ ಹವ್ಯಾಸಿ ತಂಡದಲ್ಲಿ ಬ್ಯಾಂಜೊ ನುಡಿಸುತ್ತಿದ್ದ. ಹಿಟ್ಟಿನ ಗಿರಣಿಯ ಗದ್ದಲದಲ್ಲಿ ವರ್ಷಗಟ್ಟಲೆ ನಿಂತು ಅವನ ಕಿವಿ ಮಂದವಾಯಿತು. ಸಣ್ಣ ದನಿಗಳು ಮೊದಲು ಹೋದವು. ಬ್ಯಾಂಜೊದ ಶ್ರುತಿ ತಪ್ಪಿದ್ದು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ತಿಳಿಯತೊಡಗಿತು. ತಂಡದ ಹಾಡುಗಾರ್ತಿ ಶಾಂತಕ್ಕ ಒಂದು ದಿನ ಕಣ್ಣೀರು ತಂದುಕೊಂಡೇ, "ರಾಜಣ್ಣಾ, ಇನ್ಮ್ಯಾಲೆ ನೀ ಮುಂದ ಕುಂತು ಕೇಳಪಾ" ಎಂದಳು. ಕೇಳು ಎಂದದ್ದು ಯಾರಿಗೆ ಎಂಬುದು ಹೊಳೆದು ನಾಲಿಗೆ ಕಚ್ಚಿಕೊಂಡಳು.

"ದಪ್ಪ ದನಿ ಇನ್ನೂ ಕೇಳ್ತೈತಿ ಶಾಂತಕ್ಕಾ. ಬೇಸ್ ಕಲೀತೀನಿ. ಮುಂದ ಬರೋ ನರಗುಂದದ ಮದುವ್ಯಾಗ ಒಮ್ಮೆ ನೋಡು, ತಪ್ಪಿದರ ನಾನ ಬಿಟ್ಟು ಹೋಗ್ತೀನಿ" ಎಂದ ರಾಜೇಸಾಬ. ಅವನಿಲ್ಲದ ತಂಡದಲ್ಲಿ ನನಗಾದರೂ ಏನು ಕೆಲಸ?

ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರದ ಮೈಕ್ ಸೆಟ್ ಅಂಗಡಿಯಲ್ಲಿ ನಮ್ಮ ಜೇಬಿಗೆ ಎಟುಕುವಂಥವು ಎರಡೇ ಇದ್ದವು. ಒಂದು ಹೊಸದು, ಕುಂಕುಮಗೆಂಪು, ಐದು ತಂತಿ. ಇನ್ನೊಂದು ಯಾವುದೋ ಮುಚ್ಚಿಹೋದ ಆರ್ಕೆಸ್ಟ್ರಾದ್ದು, ಬಣ್ಣ ಎದ್ದ ಕಂದು, ನಾಲ್ಕೇ ತಂತಿ, ಹೆಗಲು ಜಗ್ಗುವಷ್ಟು ಭಾರ. ಬೆಲೆ ಹೆಚ್ಚುಕಡಿಮೆ ಒಂದೇ. ನನ್ನ ತೀರ್ಮಾನ ನಿಂತ ನಿಲುವಿನಲ್ಲೇ ಆಯಿತು.

"ಅದ ರೊಕ್ಕಕ್ಕ ಒಂದು ತಂತಿ ಕೊಸರು ಬರ್ತೈತಿ. ಸುಮ್ನ ಕೆಂಪದು ತಗೋ" ಎಂದು ಅವನ ಕಿವಿಯಲ್ಲಿ ಕೂಗಿದೆ. ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ಸಾಲದ್ದಕ್ಕೆ ಅದನ್ನು ಸೀರೆಯ ಹಾಗೆ ಬಿಸಿಲಿಗೆ ಒಯ್ದು ಬಣ್ಣ ಪರೀಕ್ಷಿಸಿದೆ. ಸೆರಗು ಹುಡುಕಲಿಲ್ಲ, ಅಷ್ಟೇ.

ರಾಜೇಸಾಬ ಬಣ್ಣ ನೋಡಲಿಲ್ಲ. ಗಿರಣಿಯಲ್ಲಿ ಅವನದೊಂದು ಪದ್ಧತಿ ಇದೆ. ಯಂತ್ರದ ಮೈಗೆ ಅಂಗೈ ಒತ್ತಿ ನಿಲ್ಲುತ್ತಾನೆ, ಜೋಳ ನುಣ್ಣಗೆ ಬೀಸುತ್ತಿದೆಯೋ ತರಿಯಾಗುತ್ತಿದೆಯೋ ಅದರ ನಡುಕದಲ್ಲೇ ಹೇಳುತ್ತಾನೆ. ಇಲ್ಲಿಯೂ ಅಂಗಡಿಯವನಿಗೆ "ವಾಯರ್ ಹಚ್ಚಬ್ಯಾಡ್ರಿ" ಎಂದವನೇ ಗಿಟಾರನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ, ಒಂದೊಂದೇ ತಂತಿ ಮೀಟಿದ. ಕೆಂಪದಕ್ಕೆ ಬೇಡವೆಂದು ತಲೆಯಲ್ಲಾಡಿಸಿದ. ಕಂದು ಬಣ್ಣದ್ದನ್ನು ಹಿಡಿದವನು ಎಷ್ಟೋ ಹೊತ್ತು ಹಾಗೆಯೇ ಕುಳಿತುಬಿಟ್ಟ.

"ಇದು ಎದಿಗೂಡಿಗೆ ಮುಟ್ಟತೈತಿ ಶಿವಪ್ಪಾ" ಎಂದ.

ಕೈತಪ್ಪಿದ ಐದನೆಯ ತಂತಿಯ ದುಃಖಕ್ಕೆ ನಾನು ಹೆಗಲಿಗೆ ಹಾಕುವ ಹಳೆಯ ಪಟ್ಟಿಯೊಂದನ್ನು ಕೊಸರಾಗಿ ಕೇಳಿ ಪಡೆದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಗಿರಾಕಿಗಳು ನೆನಪಾದರು. ಅಂಗಡಿಯ ಸೀರೆಯನ್ನೆಲ್ಲ ಬಿಚ್ಚಿಸಿ, ಕೊನೆಗೆ ಮೊದಲನೆಯದನ್ನೇ ಒಯ್ಯುವ ಹೆಂಗಸರನ್ನು ಕಂಡು ಎಷ್ಟು ಗೊಣಗಿದ್ದೇನೆ! ಅವರಿಗೂ ಹೀಗೆಯೇ ಏನೋ ಒಂದು ಮುಟ್ಟಬೇಕಿತ್ತೇನೋ.

ಮುಂದೆ ಕೆಲವು ತಿಂಗಳು ಗಿರಣಿಯ ಹಿಂದಿನ ಕೋಣೆಯಲ್ಲಿ ಅವನ ಅಭ್ಯಾಸ ನಡೆಯಿತು. ನರಗುಂದದ ಮದುವೆಯೂ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಶಾಂತಕ್ಕ ಹಾಡು ಎತ್ತಿಕೊಂಡಳು. ಅರ್ಧ ಹಾಡಿಗೆ ಕರೆಂಟ್ ಹೋಯಿತು. ಮೈಕು, ಕೀಬೋರ್ಡು, ಸ್ಪೀಕರ್ ಎಲ್ಲ ಸುಮ್ಮನಾದವು. ನನ್ನ ತಾಳವೂ ನಿಂತಿತು. ತಾಳಕ್ಕೆ ಕರೆಂಟ್ ಬೇಡವೆಂಬುದು ನನಗೆ ಹೊಳೆಯಲೇ ಇಲ್ಲ.

ರಾಜೇಸಾಬ ಮಾತ್ರ ಗಿಟಾರನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿ ಮೀಟುತ್ತಲೇ ಇದ್ದ. ನಮಗಾರಿಗೂ ಒಂದು ಸದ್ದೂ ಕೇಳಿಸುತ್ತಿರಲಿಲ್ಲ. ಬೆರಳುಗಳು ಮಾತ್ರ ಒಂದಿಷ್ಟೂ ತಡವರಿಸದೆ ನಡೆದಿದ್ದವು. ಶಾಂತಕ್ಕ ಆ ಬೆರಳುಗಳನ್ನೇ ನೋಡುತ್ತ ಬರಿಗಂಟಲಲ್ಲಿ ಹಾಡು ಮುಂದುವರಿಸಿದಳು. ನಾನೂ ತಾಳ ಹಿಡಿದೆ. ಜನರೇಟರ್ ಶುರುವಾಗಿ ಸ್ಪೀಕರ್ ಬಾಯಿಬಿಟ್ಟಾಗ ಬೇಸ್ ತನ್ನ ಜಾಗದಲ್ಲೇ ಗಟ್ಟಿಯಾಗಿ ನಿಂತಿತ್ತು. ಹೆಮ್ಮೆಯಿಂದ ನಾನು ತಾಳವನ್ನು ಇನ್ನೂ ಜೋರಾಗಿ ಕುಟ್ಟಿದೆ.

ಹಾಡು ಮುಗಿದು ಕಣ್ಣು ತೆರೆದವನು ಗಾಬರಿಯಾದ. "ಮಂದಿ ಯಾಕ ನನ್ನ ನೋಡಾಕತ್ತಾರ? ತಪ್ಪಿದ್ನೇನು?"

ಶಾಂತಕ್ಕ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿದಳು: "ಮುಂದಿನ ಹಾಡು ನೀನ ಮೊದಲ ಹಿಡಿ ರಾಜಣ್ಣಾ. ನಾ ನಿನ್ನ ಹಿಂದ ಬರ್ತೀನಿ."

ಕರೆಂಟ್ ಹೋಗಿತ್ತೆಂದು ಅವನಿಗೆ ನಾವು ಯಾರೂ ಇನ್ನೂ ಹೇಳಿಲ್ಲ.