ಸ್ಟೋರ್ ರೂಮಿನಲ್ಲಿದ್ದ ಹುಡುಗ

ಮಾಲೂರಿನ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ನನ್ನನ್ನು ವೀಕ್ಷಣಾಲಯಗಳ ತಪಾಸಣಾ ಸಮಿತಿಗೆ ಸೇರಿಸಿಕೊಂಡರು. ಪೊಲೀಸರ ಕೈಗೆ ಸಿಕ್ಕ, ಹದಿನೆಂಟು ತುಂಬದ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇಡುವ ಜಾಗವೇ ವೀಕ್ಷಣಾಲಯ. ಅವರನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆಂದು ಸರ್ಕಾರದ ಪರವಾಗಿ ನೋಡಿ ವರದಿ ಕೊಡುವುದು ನಮ್ಮ ಕೆಲಸ. ನಾನು ಹೇಳಹೊರಟಿರುವ ವೀಕ್ಷಣಾಲಯ ಯಾವ ಊರಿನದೆಂದು ಬರೆಯುವುದಿಲ್ಲ. ಬರೆದರೆ, ಅಲ್ಲಿ ಮಾತ್ರ ಹೀಗೆ ಎಂದುಕೊಂಡು ನೀವು ನೆಮ್ಮದಿಯಾಗಿ ನಿದ್ದೆ ಮಾಡುತ್ತೀರಿ.

ನಾವು ಬರುವುದನ್ನು ಇಲಾಖೆಯವರು ಫೋನ್ ಮಾಡಿ ತಿಳಿಸಿದ್ದರು. ಅಂಗಳ ಗುಡಿಸಿ, ಕ್ಯಾರಂ ಬೋರ್ಡಿಗೆ ಪೌಡರ್ ಉದುರಿಸಿ, ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಕಾಯುತ್ತಿದ್ದರು. ನನ್ನ ಜೊತೆ ಬಂದಿದ್ದ ಇಲಾಖೆಯ ಅಧಿಕಾರಿ ಉಪ್ಪಿಟ್ಟಿಗೆ ಕೂತರು. ನಾನು ಹಿಂದಿನ ಪಡಸಾಲೆಗೆ ಹೋದೆ. ಬೀಗ ಹಾಕಿದ್ದ ಬಾಗಿಲಿನಾಚೆ ಯಾರೋ ಕೆಮ್ಮಿದರು.

"ಅದು ಸ್ಟೋರ್ ರೂಮ್ ಮೇಡಂ," ವೀಕ್ಷಣಾಲಯದ ಅಧೀಕ್ಷಕ ಓಡಿಬಂದ.

"ಸ್ಟೋರ್ ರೂಮ್ ಕೆಮ್ಮುತ್ತೇನ್ರೀ? ತೆಗೀರಿ."

"ಬೀಗದ ಕೈ ಇರೋರು ರಜದಲ್ಲಿದ್ದಾರೆ."

"ಅವ್ರು ಬರೋವರ್ಗೂ ಇಲ್ಲೇ ಕೂತಿರ್ತೀನಿ."

ಮಂಡಿನೋವಿದ್ದರೂ ನೆಲದ ಮೇಲೆ ಕೂತೇಬಿಟ್ಟೆ. ಕೊನೆಗೆ ಬೀಗದ ಕೈ ಅವನ ಜೇಬಿನಿಂದಲೇ ಬಂತು.

ಕಿಟಕಿಗೆ ತಗಡು ಹೊಡೆದಿತ್ತು. ಮೂಲೆಯ ಬಕೆಟ್ಟಿನ ನಾತಕ್ಕೆ ಸೆರಗು ಮೂಗಿಗೆ ಹೋಯಿತು. ಗೋಡೆಗೊರಗಿ ಕೂತಿದ್ದವನು ಆವನಿ ಊರಿನ ಕಡೆಯ ಹುಡುಗ, ಬೈಕ್ ಕದ್ದನೆಂಬ ಆರೋಪದ ಮೇಲೆ ಬಂದವನು. ಇನ್ನೂ ಮೀಸೆ ಚಿಗುರಿರಲಿಲ್ಲ. ಬೆಳಕಿಗೆ ಕಣ್ಣು ಮುಚ್ಚಿಕೊಂಡ.

"ಯಾವಾಗಿಂದ ಇದ್ದೀಯೋ ಇಲ್ಲಿ?"

"ಗೊತ್ತಿಲ್ಲ ಮಿಸ್. ಅನ್ನ ಸಾಲಲ್ಲ ಅಂದಿದ್ದಕ್ಕೆ ಹಾಕಿದ್ರು. ನಮ್ಮಮ್ಮ ಬಂದಿದ್ಳಂತೆ, ನೋಡಕ್ಕೂ ಬಿಡ್ಲಿಲ್ಲ."

ನಾನು ನೀರು ತರಲು ತಿರುಗಿದೆ. ಅವನು ಗಾಬರಿಯಿಂದ, "ತಲುಪು ವೇಯೊದ್ದು!" ಎಂದು ತೆಲುಗಿನಲ್ಲಿ ಕೂಗಿ, ಆಮೇಲೆ ಕನ್ನಡದಲ್ಲಿ ಬೇಡಿಕೊಂಡ: "ಬಾಗಿಲು ಹಾಕ್ಬೇಡಿ ಮಿಸ್."

ಮಕ್ಕಳನ್ನು ಹೀಗೆ ಒಂಟಿಯಾಗಿ ಕೂಡಿಹಾಕುವಂತಿಲ್ಲ ಎಂದು ಎಲ್ಲರಿಗೂ ಗೊತ್ತು. ಇಲಾಖೆಯ ಅಧಿಕಾರಿಗೂ ಗೊತ್ತಿತ್ತು. ಕೈ ಒರೆಸಿಕೊಳ್ಳುತ್ತಾ ಬಂದು, "ಶಿಸ್ತಿಗೆ ಹಾಕಿರ್ತಾರೆ ಬಿಡಿ ಮೇಡಂ. ವರದೀಲಿ ಪ್ರತ್ಯೇಕ ವಸತಿ ಅಂತ ಬರ್ಯೋಣ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಮೊದ್ಲು ನಿಮ್ಮ ಮಗನ್ನ ಈ ವಸತೀಲಿ ಬಿಟ್ಟು ಬನ್ನಿ, ಆಮೇಲೆ ಬರ್ಯೋಣ!" ಎಂದು ಕಿರುಚಿದೆ. ಸಾಲಾಗಿ ಕೂತಿದ್ದ ಮಕ್ಕಳು ಎದ್ದು ನಿಂತರು.

ವರದಿಗೆ ಸಹಿ ಹಾಕಲಿಲ್ಲ. ನೇರವಾಗಿ ಬಾಲನ್ಯಾಯ ಮಂಡಳಿಯ ನ್ಯಾಯಾಧೀಶೆಯ ಹತ್ತಿರ ಹೋದೆ. ಅವರು ಅಂದೇ ಹೇಳದೆ ಕೇಳದೆ ಬಂದು ಕೋಣೆ ನೋಡಿದರು. ಹುಡುಗನನ್ನು ಜಾಮೀನಿನ ಮೇಲೆ ತಾಯಿಗೆ ಒಪ್ಪಿಸಿದರು.

ಕೆಲವು ತಿಂಗಳ ನಂತರ ಹುಡುಗನ ಮನೆಗೆ ಹೋಗಿದ್ದೆ. ಅವನು ಶಾಲೆಗೆ ಹೋಗಿದ್ದ. ತಾಯಿ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಹೇಳಿದಳು: "ಸ್ನಾನಕ್ಕೂ ಬಾಗಿಲು ಹಾಕಲ್ಲಮ್ಮ. ನನ್ನೇ ಹೊರಗೆ ಕಾವಲು ನಿಲ್ಲಿಸ್ಕೋತಾನೆ. ಕಳ್ತನ ಮಾಡಿದ್ನೋ ಇಲ್ವೋ ಇನ್ನೂ ಕೋರ್ಟ್ ಹೇಳಿಲ್ಲ. ಅಷ್ಟ್ರೊಳಗೇ ಹಿಂಗ್ ಮಾಡವ್ರೆ."

ನನಗೆ ಮತ್ತೆ ತಪಾಸಣೆಗೆ ಕರೆ ಬರಲಿಲ್ಲ. ಕಾರಣ ಕೇಳಲು ಇಲಾಖೆಯ ಕಚೇರಿಗೆ ಹೋದೆ. ಸಮಿತಿಯನ್ನು ಬದಲಿಸಿದ್ದೇವೆ ಎಂದರು. ಆ ಅಧೀಕ್ಷಕನ ಮೇಲೆ ಏನು ಕ್ರಮವಾಯಿತೆಂದು ಕೇಳಿದೆ.

"ವರ್ಗಾವಣೆ ಮಾಡಿದೀವಲ್ಲ ಮೇಡಂ."

"ಎಲ್ಲಿಗೆ?"

ಇನ್ನೊಂದು ಊರಿನ ಮಕ್ಕಳ ವಸತಿಗೃಹಕ್ಕೆ. ಅಲ್ಲಿಯೂ ಅವನೇ ಮುಖ್ಯಸ್ಥ.

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಯಾರೋ ಸಮಾಧಾನಕ್ಕೆಂದು ನೀರು ತಂದಿಟ್ಟರು. ಮುಟ್ಟಲಿಲ್ಲ.