ಸೋತವರು ಬೇರೆ, ಸಹಿ ಹಾಕಿದವರು ಬೇರೆ

ಅಬುಧಾಬಿಯ ಒಂದೇ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಇತಿಹಾಸ ಕಲಿಸಿದರೂ ಶಿರ್ವದ ಡೆಲ್ಫಿನ್ ಟೀಚರನ್ನು ಯಾರೂ ವಿಭಾಗದ ಮುಖ್ಯಸ್ಥೆ ಮಾಡಿರಲಿಲ್ಲ. ಮಾಡಿದ್ದು ಈ ಜನವರಿಯಲ್ಲಿ. ಹಿಂದಿನ ಮುಖ್ಯಸ್ಥರು ಹನ್ನೊಂದನೇ ತರಗತಿಯ ಅರ್ಧ ಪಠ್ಯ ಹಾಗೇ ಬಿಟ್ಟು, ಡಿಸೆಂಬರ್ ರಜೆಯಲ್ಲಿ ರೀಮ್ ಐಲ್ಯಾಂಡಿನ ಬೇರೊಂದು ಶಾಲೆ ಸೇರಿಕೊಂಡಿದ್ದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಪ್ಪತ್ತಾರು ಮಕ್ಕಳಲ್ಲಿ ಹದಿನೇಳು ಮಂದಿ ನೆಲಕಚ್ಚಿದರು. ಆ ಫಲಿತಾಂಶದ ಮರುದಿನವೇ ಪ್ರಿನ್ಸಿಪಾಲ್ ದ್ವಾರಕನಾಥ ಡೆಲ್ಫಿನ್ ಅವರನ್ನು ಕರೆದು, ಹೊಸ ಹುದ್ದೆಗೆ ಅಭಿನಂದನೆ ಹೇಳಿದರು.

ಉಳಿದಿದ್ದ ಪಾಠಗಳಲ್ಲಿ ಮೊದಲನೆಯದು ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಹೊಸ ಪ್ರಜಾಪ್ರಭುತ್ವದ್ದು. ಮಕ್ಕಳಿಗೆ ಹಿಟ್ಲರ್ ಯಾವಾಗ ಬರುತ್ತಾನೆ ಎನ್ನುವುದಷ್ಟೇ ಬೇಕಿತ್ತು. ನಡುವಿನ ಹದಿನಾಲ್ಕು ವರ್ಷ ಅವರ ಪಾಲಿಗೆ ಸಿನಿಮಾಕ್ಕೆ ಮುಂಚಿನ ಜಾಹೀರಾತು. ಡೆಲ್ಫಿನ್ ಅವರಿಗೆ ರೇಗುತ್ತಿದ್ದುದೇ ಅದಕ್ಕೆ. ಸೋಲು ಖಚಿತವಾದಾಗ ಸೇನಾಪತಿಗಳು ಮೆಲ್ಲಗೆ ಹಿಂದೆ ಸರಿದರು, ಕದನ ನಿಲ್ಲಿಸುವ ಕರಾರಿಗೆ ಸಹಿ ಹಾಕುವ ಕೆಲಸವನ್ನು ಹೊಸ ಸರಕಾರದ ತಲೆಗೆ ಕಟ್ಟಿದರು, ಆಮೇಲೆ ಅದೇ ಸಹಿಗಾಗಿ ಸರಕಾರದವರನ್ನು ದ್ರೋಹಿಗಳೆಂದು ಜರೆದರು ಎಂದು ಅವರು ಒಂದೊಂದಾಗಿ ವಿವರಿಸಿದರು. ಎರಡನೇ ಸಾಲಿನ ಹಸ್ನಾ ಮಾತ್ರ ಕೈ ಎತ್ತಿದಳು.

"ಮಿಸ್, ಸೋತದ್ದು ಅವರು. ಸೈನ್ ಮಾಡಿದ್ದು ಇವರು ಯಾಕೆ?"

ಅಧಿಕಾರ ಅಷ್ಟು ಹೊತ್ತಿಗೆ ಇವರ ಕೈಗೆ ಬಂದಿತ್ತು, ಯುದ್ಧ ನಿಲ್ಲಲೇಬೇಕಿತ್ತು ಎಂದರು ಡೆಲ್ಫಿನ್. ಹುಡುಗಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅಂದೇ ಮಧ್ಯಾಹ್ನ ಪ್ರಿನ್ಸಿಪಾಲರ ಮೇಜಿನ ಮೇಲೆ ಪೋಷಕರಿಗೆ ಹೋಗಬೇಕಾದ ಪತ್ರ ಸಿದ್ಧವಾಗಿತ್ತು. ಇತಿಹಾಸ ವಿಭಾಗದ ಲೋಪಕ್ಕೆ ವಿಷಾದ, ಕೆಳಗೆ ಡೆಲ್ಫಿನ್ ಅವರ ಹೆಸರು. ತಾನು ವಹಿಸಿಕೊಳ್ಳುವಾಗಲೇ ಪಾಠಗಳು ಬಾಕಿ ಇದ್ದವೆಂದು ಅವರು ಒಂದು ಸಾಲು ಸೇರಿಸಿದರು. ದ್ವಾರಕನಾಥ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿದರು.

"ಹೋದವರ ವಿಷಯ ಈಗ ಯಾಕೆ ಟೀಚರ್? ಪೇರೆಂಟ್ಸಿಗೆ ಕೇಳಲಿಕ್ಕೆ ಒಬ್ಬರು ಬೇಕು. ಇಲ್ಲಿಗೆ ಖಲಾಸ್ ಮಾಡುವ."

ಡೆಲ್ಫಿನ್ ಅವರ ವೀಸಾ ಶಾಲೆಯದು, ಕೆಲಸ ಹೋದರೆ ಅದೂ ಹೋಗುತ್ತದೆ. ಮಗಳು ನಿಖಿತಾ ಓದುತ್ತಿದ್ದುದೂ ಅಲ್ಲೇ. ಡೆಲ್ಫಿನ್ ಸಹಿ ಹಾಕಿದರು. ಖಾಲಿದಿಯಾ ಬಡಾವಣೆಯ ಮನೆಗೆ ನಡೆದು ಬರುವಾಗ ಎರಡು ಬಾರಿ ತಪ್ಪು ತಿರುವಿನಲ್ಲಿ ಹೋದರು.

ಪೋಷಕರ ಸಭೆಯಲ್ಲಿ ಹಸ್ನಾಳ ತಂದೆ ಅಹ್ಮದ್ ಆ ಪತ್ರವನ್ನು ಮಡಚಿ ಹಿಡಿದುಕೊಂಡೇ ಬಂದಿದ್ದರು.

"ಎಂತ ಟೀಚರ್, ತಪ್ಪು ನಿಮ್ಮದೂಂತ ನೀವೇ ಬರೆದಿದ್ದೀರಲ್ಲ. ಇಷ್ಟು ದಿನ ಎಂತ ಮಾಡ್ತಾ ಇದ್ರಿ?"

ಮಿಸ್ ನಮಗೆ ಪಾಠಕ್ಕೆ ಬಂದದ್ದೇ ಜನವರಿಯಲ್ಲಿ ಎಂದು ಹಸ್ನಾ ಹೇಳಹೊರಟಳು. ದೊಡ್ಡವರು ಮಾತಾಡುವಾಗ ಸುಮ್ಮನಿರು ಎಂದು ತಂದೆ ಗದರಿದರು. ಪಕ್ಕದಲ್ಲೇ ಇದ್ದ ದ್ವಾರಕನಾಥ ಮೊಬೈಲು ನೋಡುತ್ತ ಬಾಗಿಲಿನತ್ತ ಸರಿದರು. ಡೆಲ್ಫಿನ್ ರಜೆಯ ಶನಿವಾರಗಳಂದು ಹೆಚ್ಚುವರಿ ತರಗತಿ ಮಾಡುವುದಾಗಿ ಹೇಳಿದರು.

ಶಾಲೆ ಶನಿವಾರಕ್ಕೆ ಬಸ್ಸು ಕೊಡಲಿಲ್ಲ. ಹಿಟ್ಲರ್ ಬಂದದ್ದಕ್ಕೆ ಐದು ಕಾರಣ ಬಾಯಿಪಾಠ ಮಾಡಿಸಿದರೆ ಸಾಕು ಎಂದರು ಪ್ರಿನ್ಸಿಪಾಲ್. ಆದರೂ ಹನ್ನೊಂದು ಮಕ್ಕಳು ಬಂದರು. ಬಂಡುಕೋರ ಪಡೆ ಬರ್ಲಿನ್ನಿಗೆ ನುಗ್ಗಿ ಸರಕಾರ ಓಡಿಹೋದಾಗ, ಕೆಲಸಗಾರರು ಮುಷ್ಕರ ಹೂಡಿ ಕೈಕಟ್ಟಿ ಕುಳಿತು, ನೀರು, ದೀಪ ಎಲ್ಲ ನಿಂತು, ದಂಗೆಯೆದ್ದವರು ನಾಲ್ಕೈದು ದಿನಗಳಲ್ಲೇ ಜಾಗ ಖಾಲಿ ಮಾಡಿದ ಕಥೆಯನ್ನು ಡೆಲ್ಫಿನ್ ಮೈಮರೆತು ಹೇಳಿದರು. ಅದು ಪರೀಕ್ಷೆಗೆ ಬರುತ್ತದೆಯೇ ಎಂದು ಡ್ಯಾರಲ್ ಎಂಬ ಹುಡುಗ ಕೇಳಿದ. ಬರುವುದು ಅನುಮಾನ ಎಂದರು. ಅವನು ಪೆನ್ನು ಕೆಳಗಿಟ್ಟ.

ಮೇ ತಿಂಗಳ ಬೋರ್ಡ್ ಪರೀಕ್ಷೆಯ ಫಲಿತಾಂಶ ಆಗಸ್ಟಿನಲ್ಲಿ ಬಂತು. ನಾಲ್ವರ ಹೊರತು ಎಲ್ಲರೂ ಪಾಸು. ಡೆಲ್ಫಿನ್ ಆ ವಾರವೇ ಮುಖ್ಯಸ್ಥೆಯ ಹುದ್ದೆ ಬೇಡವೆಂದು ಬರೆದುಕೊಟ್ಟು, ಹನ್ನೊಂದನೇ ತರಗತಿ ಮಾತ್ರ ತನಗೇ ಇರಲಿ ಎಂದು ಕೇಳಿಕೊಂಡರು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.